ದೇವೀರಮ್ಮನವರ ನಲ್ಲಿ

ಮೂರನೇ ರೂಮಿನ ಬಚ್ಚಲ ಬಾಗಿಲನ್ನು ಮೊಣಕೈಯಿಂದ ತಳ್ಳಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ನಲ್ಲಿಯ ಕೆಳಗೆ ಬಕೆಟ್ ಇಟ್ಟೆ. ತುಟಿ ಮುಚ್ಚಿದೆಯೇ ಎಂದು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿಕೊಂಡೆ. ಆಮೇಲೆ ನಲ್ಲಿ ತಿರುಗಿಸಿದೆ. ಮೊದಲು ಬುಸ್ಸೆಂದು ಗಾಳಿ ಬಂತು, ಅದರ ಹಿಂದೆ ನೀರು ಬಂತು, ನೀರಿನ ಜೊತೆ ಹಿಂದಿನ ದಿನ ಆ ರೂಮಿನಲ್ಲಿ ಇಳಿದಿದ್ದ ಗಂಡ ಹೆಂಡಿರ ಮಾತೂ ಬಂತು. "ಆಯ್ತು ಬಿಡೆ, ಸೋಪ್ ಎಲ್ಲಿ?" ಅಂದ ಗಂಡ. ಅದಾದ ಮೇಲೆ ಹೆಂಡತಿ, "ನಿಮ್ಮಕ್ಕನ ಮನೆಗೆ ಇನ್ನೊಂದ್ಸಲ ಕರ್ಕೊಂಡು ಹೋದ್ರೆ ನೋಡಿ ನಿಮಗೆ" ಅಂದಳು. ನಿಂತ ನೀರಿನಲ್ಲಿ ಮಾತು ಹೀಗೆಯೇ. ಕೊನೆಗೆ ಆಡಿದ್ದು ಮೊದಲು ಬರುತ್ತದೆ, ಮೊದಲು ಆಡಿದ್ದು ಕೊನೆಗೆ. ನನಗೆ ನಗು ಬಂತು, ಆದರೆ ನಗುವೂ ನೀರಿಗೆ ಅಂಟಿಕೊಳ್ಳುತ್ತದೆ. ಉಸಿರು ಬಿಗಿಹಿಡಿದು ಬಕೆಟ್ಟನ್ನು ಮೋರಿಗೆ ಸುರಿದು, ನಲ್ಲಿಯಿಂದ ಬರೀ ನೀರಿನ ಸದ್ದು ಬರುವ ತನಕ ಕಾದು, ನಿಲ್ಲಿಸಿ, ನಾಲ್ಕನೇ ರೂಮಿಗೆ ಹೋದೆ. ಈ ಕೆಲಸಕ್ಕೆ ನಮ್ಮ ಲಾಡ್ಜಿನಲ್ಲಿ ಮಾತು ಹರಿಸುವುದು ಅನ್ನುತ್ತಾರೆ. ಹೊಸದಾಗಿ ಬಂದವರು ಹಳಬರ ಮಾತಿನಲ್ಲಿ ಮುಖ ತೊಳೆಯಬಾರದಲ್ಲ.

ನಮ್ಮೂರಿನಲ್ಲಿ ಎಲ್ಲರೂ ನಲ್ಲಿಯ ಹತ್ತಿರ ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ. ಜಗಳ ಶುರು ಮಾಡುವ ಮುಂಚೆ ಹೆಂಗಸರು ಎದ್ದು ಹೋಗಿ ಬಚ್ಚಲ ಬಾಗಿಲು ಹಾಕಿ ಬರುತ್ತಾರೆ. ಹೆಣ್ಣು ನೋಡಲು ಬಂದವರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಆ ಮನೆಯ ನಲ್ಲಿ ಬಿಟ್ಟು ಕೇಳುತ್ತಾರೆ. ಅದು ಗೊತ್ತಿದ್ದೇ ಹೆಣ್ಣಿನ ಕಡೆಯವರು ಹಿಂದಿನ ದಿನ ನಲ್ಲಿಯ ಮುಂದೆ ಸಾಲಾಗಿ ನಿಂತು ಒಬ್ಬರನ್ನೊಬ್ಬರು ಹೊಗಳಿಕೊಂಡಿರುತ್ತಾರೆ. ಪೈಪ್ ರಿಪೇರಿಯವರು ಕಿವಿಗೆ ಹತ್ತಿ ತುರುಕಿಕೊಂಡೇ ಮನೆಯೊಳಗೆ ಕಾಲಿಡಬೇಕು. ಹತ್ತಿ ಮರೆತು ಬಂದವನಿಗೆ, ಕೇಳಿದ್ದನ್ನು ಹೊರಗೆ ಆಡದಿರಲಿ ಎಂದು, ಕಾಫಿಯ ಜೊತೆ ಕೋಡುಬಳೆಯೂ ಸಿಗುತ್ತದೆ. ಒಮ್ಮೆ ಹರಿದ ಮಾತು ಮತ್ತೆ ಬರುವುದಿಲ್ಲ ಅನ್ನುವುದೊಂದು ಸಮಾಧಾನ. ಕುದ್ದ ನೀರಿಗೆ ಏನೂ ನೆನಪಿರುವುದಿಲ್ಲ ಅನ್ನುವುದು ಇನ್ನೊಂದು. ಕುಡಿಯುವ ನೀರನ್ನು ಅದಕ್ಕೇ ಎಲ್ಲರ ಮನೆಯಲ್ಲೂ ಕುದಿಸುತ್ತಾರೆ. ಯಾರೋ ಆಡಿದ್ದನ್ನು ನಾವು ಯಾಕೆ ನುಂಗಬೇಕು ಎಂದು.

ಊರು ಬೆಟ್ಟದ ಬುಡದಲ್ಲಿದೆ, ವರ್ಷದಲ್ಲಿ ಮುಕ್ಕಾಲು ಪಾಲು ಚಳಿ. ಮೇಲೆ ಹೋಗುವ ಬಸ್ಸುಗಳು ರಾತ್ರಿ ಇಲ್ಲಿ ತಂಗುತ್ತವೆ. ಬಸ್ಸಿನಿಂದ ನಡುಗುತ್ತಾ ಇಳಿದವರು ನೇರವಾಗಿ ನೋಡುವುದು ನಮ್ಮ ಬೋರ್ಡನ್ನು: 'ದೇವೀರಮ್ಮ ವಸತಿಗೃಹ, ದಿನವಿಡೀ ಬಿಸಿನೀರು'. ನಾನು ಇಲ್ಲಿಗೆ ಸೇರಿದ್ದು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ. ಎದ್ದು ನಿಂತು ಓದು ಅಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಮೇಷ್ಟ್ರು ಕಾಯುವುದು, ಹುಡುಗರು ನಗುವುದು, ನಾನು ಪುಸ್ತಕ ಹಿಡಿದು ನಿಲ್ಲುವುದು, ಇದೇ ಆಗಿ ಒಂದು ದಿನ ಹೋಗುವುದನ್ನೇ ನಿಲ್ಲಿಸಿದೆ. ನಮ್ಮಮ್ಮ ಕೈಹಿಡಿದು ದೇವೀರಮ್ಮನವರ ಮುಂದೆ ತಂದು ನಿಲ್ಲಿಸಿದಳು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕೆ ಮಾತು ಬತ್ತದಾ?" ಅಂದರು. "ಬತ್ತದೆ ಕಣಮ್ಮ, ಆಡಲ್ಲ ಅಷ್ಟೆ" ಅಂದಳು ಅಮ್ಮ. "ಹಂಗಾರೆ ನಂಗೆ ಬೇಕಾಗಿರೋದು ಇವ್ಳೇ. ಮಾತು ಹರಿಸೋ ಕೆಲ್ಸಕ್ಕೆ ಒಬ್ಳು ಬಾಯಿಬಡುಕಿ ಇದ್ಲು. ನಲ್ಲಿ ಬಿಟ್ಕಂಡು ಒಳಗಡೆ ಮಾತಿಗೆಲ್ಲ ಉತ್ರ ಕೊಡ್ತಿದ್ಲು! ಗೆಸ್ಟು ಬಂದು ನಲ್ಲಿ ತಿರುಗ್ಸುದ್ರೆ ಬರೀ ಅವ್ಳ ಪುರಾಣ." ಅಂದಿನಿಂದ ಅವರ ಬಾಯಲ್ಲಿ ನಾನು ಮೂಗಿ. ಸಣ್ಣತಾಯಿ ಅನ್ನುವ ನನ್ನ ಹೆಸರು ಅವರಿಗೆ ನೆನಪಿತ್ತೋ ಇಲ್ಲವೋ ಗೊತ್ತಿಲ್ಲ.

ಆ ಮೊದಲ ದಿನವೇ ಲಾಡ್ಜಿನ ಹಿಂಗೋಡೆಗೆ ಅಂಟಿಕೊಂಡಿರುವ ದೇವೀರಮ್ಮನವರ ಮನೆಯ ಬಚ್ಚಲು ತೊಳೆಯಲು ಹೋಗಿ ಒಳಗೆ ಸಿಕ್ಕಿಹಾಕಿಕೊಂಡೆ. ಹಳೆಯ ಮರದ ಬಾಗಿಲು ನೀರು ಕುಡಿದು ಉಬ್ಬಿತ್ತು, ಚಿಲಕ ಅಲ್ಲಾಡಲಿಲ್ಲ. ಹೊರಗೆ ಪಾತ್ರೆ ಸದ್ದು, ಜನರ ಸದ್ದು ಎಲ್ಲ ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ನನಗೆ ಕೂಗಲು ಆಗಲಿಲ್ಲ. ಗೋಡೆಗೆ ಒರಗಿ ನಿಂತು ಕಾಲಿನ ಬೆರಳು ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಹೊರಗಿನಿಂದ ದೇವೀರಮ್ಮನವರ ಗಂಟಲು ಕೇಳಿತು: "ಎತ್ತಿ ಎಳಿ ಮೂಗಿ! ಬಾಗ್ಲ ಎತ್ತು ಮೊದ್ಲು, ಆಮೇಲೆ ಚಿಲ್ಕ ಎಳಿ!" ಹಾಗೇ ಮಾಡಿದೆ, ಬಾಗಿಲು ಬಂತು. "ಬಾಯಿ ಯಾಕಮ್ಮಿ ಕೊಟ್ಟವ್ನೆ ದೇವ್ರು? ಸಿಕ್ಕಾಕಂಡ್ರೆ ಕೂಗ್ಬೇಕು. ಕೂಗ್ದೆ ಇದ್ರೆ ಯಾರು ಬತ್ತಾರೆ?" ಅಂದು ಅವರು ಹೊರಟೇಹೋದರು. ನಾನು ಸಣ್ಣ ಸದ್ದೂ ಮಾಡಿರಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದೇನೆ ಎಂದು ಇವರಿಗೆ ಹೇಗೆ ಗೊತ್ತಾಯಿತು ಎಂದು ಬಹಳ ದಿನ ಯೋಚಿಸಿದೆ. ಆ ಚಿಲಕ ಬದಲಾಯಿಸುತ್ತೇನೆ ಎಂದು ಅವರ ಮಗ ಗುರುಮಲ್ಲಪ್ಪನವರು ಆಗಾಗ ಹೊರಡುತ್ತಿದ್ದರು. "ಅದು ಹಂಗೇ ಇರ್ಲಿ, ಅದ್ರ ಪಾಡಿಗೆ ಬುಡು" ಅನ್ನುತ್ತಿದ್ದರು ದೇವೀರಮ್ಮ.

ದೇವೀರಮ್ಮನವರು ಲಾಡ್ಜನ್ನು ನಡೆಸುತ್ತಿದ್ದದ್ದು ಈ ಬಚ್ಚಲಿನಿಂದ. ಸ್ನಾನಕ್ಕೆ ಕೂತರೆ ಬೇಗ ಏಳುತ್ತಿರಲಿಲ್ಲ. ನಲ್ಲಿ ನೀರು ಮೈಗೆ ಹತ್ತುವುದಿಲ್ಲ ಎಂದು ತಾಮ್ರದ ಹಂಡೆಯಿಂದಲೇ ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುತ್ತಿದ್ದರು. ಅವರ ತಲೆಯ ಮೇಲ್ಗಡೆ ಗೋಡೆಯಲ್ಲಿ ಒಂದು ಹಿತ್ತಾಳೆಯ ನಲ್ಲಿ ಇತ್ತು. ಅವರು ಸೊಸೆಯಾಗಿ ಬಂದ ಕಾಲದಲ್ಲಿ ಮಾವನವರು ಹಾಕಿಸಿದ್ದಂತೆ. ಅದನ್ನು ಅವರು ಒಂದು ದಿನವೂ ತಿರುಗಿಸಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ಅದರ ಕೆಳಗೆ ಕೂತು ಅಡಿಗೆಯವರಿಗೆ, ಹಾಲಿನವನಿಗೆ, ಮಗನಿಗೆ, ತರಕಾರಿಯವಳಿಗೆ ಒಬ್ಬೊಬ್ಬರಿಗೂ ಕೂಗಿ ಹೇಳುತ್ತಿದ್ದರು. ಹೊರಗೆ ಹಂಡೆಯ ಒಲೆಗೆ ಸೌದೆ ಇಡುವುದು ನಾನು. ನನಗೆ ಬೆರಳು ಅದ್ದಲು ಆಗದಷ್ಟು ಸುಡುವ ನೀರಿಗೂ ಅವರು, "ಸೌದೆ ಇಡ್ರೇ! ಇದೇನ್ ನೀರಾ, ಎಮ್ಮೆ ಉಚ್ಚೇನಾ!" ಎಂದು ದಿನವೂ ಕೂಗುತ್ತಿದ್ದರು.

ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ಗುರುಮಲ್ಲಪ್ಪನವರು ಐವತ್ತು ದಾಟಿದವರು, ಮದುವೆ ಆಗದವರು. ಅವ್ವನನ್ನು ಕೇಳದೆ ಅಂಗಿಯ ಬಣ್ಣವನ್ನೂ ಆರಿಸಿದವರಲ್ಲ. ತಿಥಿ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕೆಸರುಗಾಲಿನಲ್ಲಿ ಬಚ್ಚಲಿಗೆ ಹೋದವರು, ಹಂಡೆ ಖಾಲಿ ಇದ್ದದ್ದರಿಂದ, ಎಂದೂ ಮುಟ್ಟದ ಆ ನಲ್ಲಿಯನ್ನು ತಿರುಗಿಸಿದರಂತೆ. ಒಳಗಿನಿಂದ ಅವರ ಕೂಗು ಕೇಳಿ ನಾನೂ ಅಡಿಗೆಯ ಚಿಕ್ಕಲಿಂಗಣ್ಣನೂ ಓಡಿಹೋದೆವು. ನೀರು ನಿಂತಿತ್ತು. ಗುರುಮಲ್ಲಪ್ಪನವರು ಒದ್ದೆ ಕಲ್ಲಿನ ಮೇಲೆ ಕೂತಿದ್ದರು. "ಹಿಮ್ಮಡಿ ಸರಿಯಾಗಿ ತೊಳ್ಕಳೋ ಅಂದ್ಲು" ಅಂದರು. "ಯಾರು?" ಅಂದ ಚಿಕ್ಕಲಿಂಗಣ್ಣ. "ಅವ್ವ ಕಣೋ." ಕಣ್ಣು ತುಂಬಿತ್ತು, ಆದರೆ ಹಿಮ್ಮಡಿಯನ್ನು ತಿಕ್ಕಿ ತಿಕ್ಕಿ ತೊಳೆದಿದ್ದರು.

ಅವತ್ತಿನಿಂದ ದಿನಾ ಬೆಳಿಗ್ಗೆ ಒಂದು ಅಂಗೈ ನೀರು. ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ, ಮುಗಿದುಹೋದರೆ ಮತ್ತೆ ಎಲ್ಲಿಂದ ತರುವುದು? ನಾನೂ ಚಿಕ್ಕಲಿಂಗಣ್ಣನೂ, ನಮ್ಮ ಮಾತು ನೀರಿಗೆ ಅಂಟದಿರಲಿ ಎಂದು, ಬಾಗಿಲ ಹೊರಗೆ ನಿಲ್ಲುತ್ತಿದ್ದೆವು. ಅಂಗೈಯಲ್ಲಿ ಏನು ಬಂದರೆ ಅದೇ ಆ ದಿನದ ಕಾನೂನು. "ಬೀನ್ಸು ಬಲ್ತದೆ, ವಾಪಸ್ ಕಳ್ಸು" ಎಂದು ಬಂದರೆ ಎಳೇ ಬೀನ್ಸನ್ನೂ ವಾಪಸು ಕಳಿಸುವುದು. ತರಕಾರಿಯವಳು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು. "ಉಪ್ಪು ಯಾರಪ್ಪನ ಮನೇದು ಅಂತ ಸುರೀತಿಯೋ ಚಿಕ್ಕಲಿಂಗ" ಎಂದು ಬಂದ ದಿನ ಅವನು, "ಸತ್ತಮೇಲೂ ನನ್ ಸಾರಿನ ಸುದ್ದಿ ಬುಡಲ್ವಲ್ಲಪ್ಪ ಈ ಅಮ್ಮ!" ಎಂದು ಹಣೆ ಚಚ್ಚಿಕೊಂಡ. ಆದರೆ ಮಾರನೆಯ ದಿನ ಬಾಗಿಲ ಹತ್ತಿರ ಎಲ್ಲರಿಗಿಂತ ಮೊದಲು ನಿಂತಿದ್ದವನು ಅವನೇ. ನನಗೂ ಒಂದು ಆಸೆ ಇತ್ತು. ಎಂದಾದರೊಂದು ದಿನ ಆ ನಲ್ಲಿ ಮೂಗಿ ಅನ್ನುತ್ತದೆ ಎಂದು ಕಾಯುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಮಾತ್ರ ಸೌದೆಯ ಮಾತು. ಎರಡು ದಿನಕ್ಕೊಮ್ಮೆಯಾದರೂ ಸೌದೆ, ಎಮ್ಮೆ. ಅದು ಬಂದ ದಿನ ಗುರುಮಲ್ಲಪ್ಪನವರು, "ಇವತ್ತು ಏನೂ ಹೇಳ್ನಿಲ್ಲ" ಎಂದು ಮುಖ ಸಣ್ಣ ಮಾಡಿಕೊಂಡು ಹೊರಗೆ ಬರುತ್ತಿದ್ದರು.

ಸ್ವಲ್ಪ ದಿನಕ್ಕೆ ಅವರಿಗೆ ಒಂದು ವಿಷಯ ಗೊತ್ತಾಯಿತು. ಲಾಡ್ಜಿನ ದೊಡ್ಡ ಸೌದೆ ಬಾಯ್ಲರು ಜೋರಾಗಿ ಉರಿದ ದಿನ ಅವ್ವನ ಮಾತಿನ ಕೊನೆ ಅಳಿಸಿಹೋಗುತ್ತಿತ್ತು. "ಆ ಹಾಲಿನವ್ನಿಗೆ ಹೇಳು..." ಅಂದದ್ದು ಅಲ್ಲಿಗೇ ನಿಂತು, ಹಾಲಿನವನಿಗೆ ಏನು ಹೇಳಬೇಕು ಎಂದು ತಿಳಿಯದೆ ಅವರು ಇಡೀ ದಿನ ಒದ್ದಾಡಿದರು. ಬಿಸಿ ಗೋಡೆಯೊಳಗಿನ ಪೈಪಿಗೂ ತಾಕುತ್ತಿದೆ ಎಂದು ಉರಿ ಇಳಿಸಿದರು. ಅವ್ವನ ಪೈಪು ಅದುರಬಾರದು ಎಂದು ಅದೇ ಗೋಡೆಯ ಆಚೆ ಇದ್ದ ಐದು ಮತ್ತು ಆರನೇ ರೂಮಿನ ನಲ್ಲಿಗಳನ್ನೂ ದಿನಾ ಬಿಡಬೇಡ ಎಂದು ನನಗೆ ಹೇಳಿದರು. ಬೋರ್ಡು ಮಾತ್ರ ಹಾಗೇ ಇತ್ತು, ದಿನವಿಡೀ ಬಿಸಿನೀರು. ಷವರಿನ ಕೆಳಗೆ ನಿಂತ ಗಿರಾಕಿಗಳು ಅಲ್ಲಿಂದಲೇ ಬೈಯುತ್ತಿದ್ದರು, ಬೈದದ್ದು ಮರುದಿನ ನನಗೆ ನಲ್ಲಿಯಿಂದ ಇನ್ನೊಮ್ಮೆ ಕೇಳುತ್ತಿತ್ತು. ಚಿಕ್ಕಲಿಂಗಣ್ಣ, "ನಮ್ ಬಿಸಿನೀರು ಸ್ನಾನಕ್ಕಲ್ಲ ಕಣಪ್ಪ, ಅದ್ರಲ್ಲಿ ಹಾಲಿನ ಪಾತ್ರೆ ಇಟ್ರೆ ಬೆಳಿಗ್ಗೆ ಹೊತ್ಗೆ ಗಟ್ಟಿ ಮೊಸ್ರು" ಎಂದು ಗಿರಾಕಿಗಳ ಮುಂದೆಯೇ ಹೇಳಿಬಿಡುತ್ತಿದ್ದ.

ಆಮೇಲೆ ಕೆಮ್ಮು ಶುರುವಾಯಿತು. ಐದನೇ ರೂಮಿನಲ್ಲಿ ಇದ್ದ ಬಿತ್ತನೆಬೀಜದ ವ್ಯಾಪಾರಿಗೆ ಊರಿಗೆ ಹೋದ ಮೇಲೆ ಜ್ವರ ಬಂತಂತೆ. ಆರನೆಯದರಲ್ಲಿದ್ದ ಒಬ್ಬ ಟೀಚರಿಗೂ ಬಂತಂತೆ. ಬೆಟ್ಟದ ಗಾಳಿ, ಚಳಿ ಎಂದುಕೊಂಡೆವು. ಚಿಕ್ಕಲಿಂಗಣ್ಣನಿಗೆ ಅಡಿಗೆ ಮುಗಿದ ಮೇಲೆ ಮಧ್ಯಾಹ್ನ ಆರನೇ ರೂಮಿನ ಷವರಿನಲ್ಲಿ ನಿಲ್ಲುವ ಚಟ ಇತ್ತು. "ಇದ್ರ ಕೆಳ್ಗೆ ನಿಂತಾಗ ನಾನೂ ಗೆಸ್ಟೇ ಕಣಮ್ಮಿ ಸಣ್ಣಿ. ಟವೆಲ್ ತಗಂಬಾ, ಕಾಫಿ ತಗಂಬಾ" ಎಂದು ಒಳಗಿನಿಂದ ದರ್ಬಾರು ಮಾಡುತ್ತಿದ್ದ. ಒಂದು ದಿನ ಒಗ್ಗರಣೆ ಹಾಕುತ್ತಾ ಹಾಕುತ್ತಾ ಸೌಟು ಬಿಟ್ಟು ಕೂತುಬಿಟ್ಟ. ಮೈ ಕೆಂಡವಾಗಿತ್ತು. ಒಣ ಕೆಮ್ಮು, ಉಸಿರು ಎಳೆಯಲು ಕಷ್ಟ. ಯಾರ ಯಾರದೋ ಹೆಸರು ಹಿಡಿದು ಕನವರಿಸುತ್ತಿದ್ದ. ಜೀಪಿನಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಲಾಡ್ಜಿನ ಒಲೆ ಆರಿತು. ಆ ಒಲೆ ತಣ್ಣಗಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆರೋಗ್ಯ ಇಲಾಖೆಯಿಂದ ಜುಬೇದಾ ಮೇಡಂ ಸ್ಕೂಟರಿನಲ್ಲಿ ಬಂದರು. ಅವರು ನಮ್ಮೂರಿನವರೇ, ಓದಿ ದೊಡ್ಡ ಕೆಲಸದಲ್ಲಿ ಇದ್ದವರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಷವರಿನ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು, ಯಾರೂ ಸ್ನಾನ ಮಾಡಬಾರದು ಎಂದು ರೂಮುಗಳನ್ನು ಮುಚ್ಚಿಸಿ ಹೋದರು. ಮತ್ತೆ ಬಂದಾಗ ಮೊದಲು ಹೇಳಿದ್ದು ಒಳ್ಳೆಯ ಸುದ್ದಿ. "ನಿಮ್ಮ ಅಡಿಗೆಯವರು ಹುಷಾರಾಗ್ತಿದಾರೆ. ಕಾಯಿಲೆ ಏನು ಅಂತ ಗೊತ್ತಾದ ಮೇಲೆ ಸರಿಯಾದ ಔಷಧಿ ಬಿತ್ತು. ಆಸ್ಪತ್ರೆ ಸಾರಿಗೆ ಉಪ್ಪಿಲ್ಲ ಅಂತ ನರ್ಸಿನ ಜೊತೆ ಜಗಳ ಆಡ್ತಿದ್ರು." ನಾನೂ ಗುರುಮಲ್ಲಪ್ಪನವರೂ ಒಟ್ಟಿಗೆ ಉಸಿರು ಬಿಟ್ಟೆವು. "ಆದ್ರೆ ಕಾಯಿಲೆ ಬಂದದ್ದು ಇಲ್ಲಿಂದ" ಅಂದರು ಮೇಡಂ. "ನಿಮ್ಮ ನೀರಲ್ಲಿ ಕಣ್ಣಿಗೆ ಕಾಣದ ಹುಳ ಇದೆ. ಒಬ್ರಿಂದ ಒಬ್ರಿಗೆ ಅಂಟೋದಲ್ಲ. ಷವರಿನ ತುಂತುರು ಇರತ್ತಲ್ಲ, ಅದು ಉಸಿರಿನ ಜೊತೆ ಎದೆಗೆ ಇಳಿದ್ರೆ ಕಷ್ಟ. ತಣ್ಣೀರಲ್ಲಿ ಸುಮ್ಮನೆ ಬಿದ್ದಿರತ್ತೆ, ಸುಡೋ ನೀರಲ್ಲಿ ಸಾಯತ್ತೆ. ಉಗುರುಬೆಚ್ಚಗೆ ಇದ್ದು, ನೀರೂ ಓಡಾಡದೆ ನಿಂತಿದ್ರೆ ಅದಕ್ಕೆ ಹಬ್ಬ. ಮೊಸರು ಹೆಪ್ಪಾಗೋ ಬಿಸಿ ಅಂತಾರಲ್ಲ, ಹಾಗೆ." ಮೊಸರು ಅಂದಾಗ ಗುರುಮಲ್ಲಪ್ಪನವರು ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ.

"ಬಾಯ್ಲರು ಚೆನ್ನಾಗಿ ಕುದಿಸಿ ಎಲ್ಲಾ ಪೈಪಲ್ಲೂ ಹರಿಸ್ಬೇಕು. ಒಂದೂ ಬಿಡೋ ಹಾಗಿಲ್ಲ. ಅಲ್ಲೀವರೆಗೂ ಲಾಡ್ಜು ತೆಗೆಯೋ ಹಾಗಿಲ್ಲ. ಎಲ್ಲಾ ನಲ್ಲೀನೂ ದಿನಾ ಬಿಡ್ತೀರಿ ತಾನೆ?" ಎಂದು ಮೇಡಂ ಕೇಳಿದರು. "ದಿನಾ ಮೇಡಂ. ನಮ್ ಸಣ್ಣಿ ಒಂದೂ ಬುಡಲ್ಲ" ಅಂದರು ಗುರುಮಲ್ಲಪ್ಪನವರು, ಹೇಳುತ್ತಾ ಕಿವಿ ಕೆಂಪಾಯಿತು. ಮೇಡಂ ನನ್ನ ಕಡೆ ತಿರುಗಿದರು. "ಎಲ್ಲಾನೂನಾ?" ಸ್ಕೂಲಿನಲ್ಲಿ ಕಟ್ಟುತ್ತಿದ್ದ ಹಾಗೇ ಗಂಟಲು ಕಟ್ಟಿತು. ತಲೆ ಆಡಿಸಿದ್ದರೆ ಸಾಕಿತ್ತು, ಅವರು ಹೋಗುತ್ತಿದ್ದರು, ನಾಳೆಯೂ ಬಾಗಿಲ ಹತ್ತಿರ ನಿಂತು ದೇವೀರಮ್ಮನವರ ಬೈಗುಳ ಕೇಳಬಹುದಿತ್ತು. ಅಡಿಗೆಮನೆಯ ಬಾಗಿಲಿನಿಂದ ಆ ತಣ್ಣನೆಯ ಒಲೆ ಕಾಣುತ್ತಿತ್ತು. "ಇಲ್ಲ" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಐದ್ನೇದು, ಆರ್ನೇ ರೂಮಿಂದು ದಿನಾ ಬುಡಲ್ಲ. ಇನ್ನೊಂದು ಬುಡೋದೇ ಇಲ್ಲ."

ಗುರುಮಲ್ಲಪ್ಪನವರು ನಮಗಿಂತ ಮುಂದೆ ಓಡಿ ಬಚ್ಚಲ ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟು ನಿಂತರು. "ಮೇಡಂ, ಇಲ್ಲಿ ನಮ್ಮವ್ವ ಅವ್ಳೆ" ಅಂದರು. ಜುಬೇದಾ ಮೇಡಂ ನಗಲಿಲ್ಲ. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟರು. "ನಿಮ್ಮವ್ವ ನನ್ನೂ ಬೈದಿದ್ರು ಗುರುಮಲ್ಲಪ್ಪೋರೆ. ಚಿಕ್ಕೋಳಿದ್ದಾಗ ನಿಮ್ಮ ಹಿತ್ತಲ ಸೀಬೆಮರ ಹತ್ತಿದ್ದೆ. ಒಳಗಿಂದ್ಲೇ ಕೂಗಿದ್ರು, ಹಣ್ಣು ಕಿತ್ಕೋ, ಕೊಂಬೆ ಮುರಿದ್ರೆ ಕಾಲು ಮುರೀತೀನಿ ಅಂತ." "ಹಂಗಾರೆ ಅದೂ ಇದ್ರೊಳ್ಗೆ ಇರ್ತದೆ" ಅಂದರು ಅವರು ಆಸೆಯಿಂದ. "ಇರ್ಬಹುದು. ಆದ್ರೂ ಹರಿಸ್ಬೇಕು. ಹುಳ ಮನೆ ಮಾಡ್ಕೊಂಡಿರೋದೇ ಇಲ್ಲಿ. ಗೋಡೆ ಆಚೆ ಷವರ್ ಬಿಟ್ಟಾಗೆಲ್ಲ ಇಲ್ಲಿಂದ ಅಲ್ಲಿಗೆ ಹೋಗಿದೆ. ಬೇರೆ ಪೈಪು ತೊಳೆದು ಇದೊಂದು ಬಿಟ್ರೆ ಮತ್ತೆ ಶುರು." "ಈ ಪೈಪ್ ಒಂದ ಕತ್ತರ್ಸಿ ಮುಚ್ಚಿ ಇಟ್ಕಂಡ್ರೆ?" "ಗೋಡೆ ಒಡೆದು ಕತ್ತರಿಸೋ ಹೊತ್ತಿಗೆ ಒಂದು ಹನೀನೂ ಉಳಿಯಲ್ಲ." ಗುರುಮಲ್ಲಪ್ಪನವರು ಅಡ್ಡ ಕೊಟ್ಟಿದ್ದ ಕೈಗಳನ್ನು ಒಂದೊಂದಾಗಿ ಇಳಿಸಿದರು. ಕೊನೆಗೆ, "ಅವ್ವನ್ನೇ ಕೇಳ್ತೀನಿ. ಅವ್ಳು ಹ್ಞೂ ಅಂದ್ರೆ ಹ್ಞೂ" ಅಂದರು.

ಮೇಡಂ ಗುರುಮಲ್ಲಪ್ಪನವರ ಮೂಗು ಬಾಯಿಗೆ ಬಟ್ಟೆ ಕಟ್ಟಿದರು, ನನಗೂ ಒಂದು ಕೊಟ್ಟರು. ಗುರುಮಲ್ಲಪ್ಪನವರು ಅಂಗೈ ಒಡ್ಡಿ, ಎಲ್ಲಿ ಎಚ್ಚರವಾಗುತ್ತದೋ ಅನ್ನುವಷ್ಟು ಮೆತ್ತಗೆ ನಲ್ಲಿ ತಿರುಗಿಸಿದರು. "ಸೌದೆ ಇಡ್ರೇ!" ಅಂದಿತು ನಲ್ಲಿ. "ಇದೇನ್ ನೀರಾ, ಎಮ್ಮೆ ಉಚ್ಚೇನಾ!" ಬಟ್ಟೆಯ ಹಿಂದೆ ಮೇಡಂ ಬಿಕ್ಕಳಿಸಿದ ಹಾಗೆ ನಕ್ಕರು. ಗುರುಮಲ್ಲಪ್ಪನವರು ನಲ್ಲಿ ನಿಲ್ಲಿಸಿ ಅಂಗೈ ನೋಡಿಕೊಂಡು, "ಇದು ಉತ್ರ ಅಲ್ಲ. ಇದ ದಿನಾ ಅಂತಾಳೆ" ಅಂದರು. ಒಮ್ಮೆ ಬಾಯಿ ತೆರೆದಿದ್ದರಿಂದಲೋ ಏನೋ, ಎರಡನೆಯ ಮಾತು ಅಷ್ಟು ಕಷ್ಟವಾಗಲಿಲ್ಲ. "ದಿನಾ ಅಂತಾನೇ ಅವ್ರೆ ಯಜಮಾನ್ರೆ" ಅಂದೆ. "ನಾವೇ ಇಡ್ನಿಲ್ಲ."

ಅವರು ನನ್ನನ್ನೇ ನೋಡಿದರು. ಅವ್ವನ ಕಲ್ಲಿನ ಮೇಲೆ ನಿಧಾನವಾಗಿ ಕೂತರು. ಅವರ ಹೊಟ್ಟೆ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದು ನಾನು ಹೆದರಿದೆ, ಆದರೆ ಬಟ್ಟೆ ಜಾರಿ ಬಿದ್ದಾಗ ನೋಡಿದರೆ ನಗುತ್ತಿದ್ದರು, ಕಣ್ಣಿನಿಂದ ನೀರೂ ಸುರಿಯುತ್ತಿತ್ತು. "ಎಮ್ಮೆ ಉಚ್ಚೆ ಅಂತ ಬಾಯಿ ಬಡ್ಕತಾನೇ ಅವ್ಳೆ. ನಾನು ಬೀನ್ಸ್ ವಾಪಸ್ ಕಳಿಸ್ತಾ ಕೂತಿವ್ನಿ! ಹೋಗು ಸಣ್ಣಿ, ಸೌದೆ ಇಡು. ಇರೋದೆಲ್ಲ ಇಡು."

ಮಾತು ಹರಿಸುವ ದಿನ ಬೆಳಿಗ್ಗೆ ಬಾಯ್ಲರು ಬೆಟ್ಟದ ಬಸ್ಸಿನ ಹಾಗೆ ಗುಡುಗುತ್ತಿತ್ತು. ಬೇರೆ ಎಲ್ಲ ನಲ್ಲಿಗಳಲ್ಲಿ ಕುದಿನೀರು ಹರಿದು, ಮೋರಿಯಿಂದ ಹಬೆ ಏಳುತ್ತಿತ್ತು. ಇದೊಂದನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಚಿಕ್ಕಲಿಂಗಣ್ಣ ಅದೇ ದಿನ ಬಸ್ಸಿನಿಂದ ಇಳಿದ. ಅರ್ಧ ಆಳಾಗಿದ್ದ, ಆದರೆ ಬಾಯಿ ಪೂರ್ತಿ ಇತ್ತು. "ಆಸ್ಪತ್ರೆ ಉಪ್ಪಿಟ್ಟು ತಿಂದು ಬದುಕ್ದೋನಿಗೆ ಯಾವ ಹುಳ ಏನ್ ಮಾಡ್ತದೆ, ನಾನೂ ಒಳೀಕೆ ಬತ್ತೀನಿ" ಎಂದು ಹಟ ಹಿಡಿದ. ಮೇಡಂ ಗದರಿಸಿ ಅವನನ್ನು ದೂರದಲ್ಲಿ ಸೀಬೆಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಅಲ್ಲಿಗೂ ಕೇಳುತ್ತದೆ ಎಂದು ಸಮಾಧಾನ ಮಾಡಿದೆವು. ತುಂತುರು ಏಳದ ಹಾಗೆ ನಲ್ಲಿಯ ಬಾಯಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಮೋರಿಯೊಳಗೆ ಇಳಿಬಿಟ್ಟರು. ನಾವು ಮೂವರೂ ಬಟ್ಟೆ ಕಟ್ಟಿಕೊಂಡೆವು. ಹೊಸ ನೀರಿಗೆ ನಮ್ಮ ಮಾತು ಸೇರಬಾರದು, ಆದ್ದರಿಂದ ಕೊನೆಯವರೆಗೂ ಯಾರೂ ತುಟಿ ಬಿಚ್ಚುವ ಹಾಗಿಲ್ಲ ಎಂದು ಮೊದಲೇ ಆಣೆ ಇಟ್ಟುಕೊಂಡಿದ್ದೆವು. ಗುರುಮಲ್ಲಪ್ಪನವರು ನಲ್ಲಿಗೆ ಕೈಮುಗಿದು, ಪೂರ್ತಿ ತಿರುಗಿಸಿದರು.

ಮೊದಲು ನಾವು ಹಿಂದಿನ ಸಲ ಅಲ್ಲಿ ಆಡಿದ್ದ ಮಾತು, ನಕ್ಕಿದ್ದ ನಗು ಬಂದು ಹೋದವು. ಅದರ ಹಿಂದೆ ದೇವೀರಮ್ಮನವರು ಬಂದೇಬಿಟ್ಟರು. ಅಂಗೈಯಲ್ಲಿ ಒಂದೊಂದಾಗಿ ಕೇಳಿದ್ದ ಗಂಟಲು ಈಗ ಕಟ್ಟೆ ಒಡೆದ ಹಾಗೆ ಮೋರಿಗೆ ಇಳಿಯತೊಡಗಿತು. ಮಂಡಿ ನೋವು, ಹಾಲಿನವನು, ಸೌದೆ, ಎಮ್ಮೆ, ಮತ್ತೆ ಸೌದೆ. ಚಿಕ್ಕಲಿಂಗಣ್ಣನ ಉಪ್ಪು ಬಂದಾಗ ಮರದ ಕೆಳಗಿನಿಂದ ಒಂದು ಕೆಮ್ಮು ಕೇಳಿತು. "ಎತ್ತಿ ಎಳಿ ಮೂಗಿ!" ಅಂದಾಗ ನಾನು ನಲ್ಲಿಗೆ ಒಂದು ಹೆಜ್ಜೆ ಹತ್ತಿರ ಹೋದೆ. ಆ ದಿನ ಅವರು ಕೂಗಿದ್ದು ಬಾಗಿಲು ದಾಟಿ ಬಂದು ಇಲ್ಲಿ ಕೂತಿತ್ತು. ಗುರುಮಲ್ಲಪ್ಪನವರು ನನ್ನ ತಲೆಯ ಮೇಲೆ ಕೈ ಇಟ್ಟರು. ವರ್ಷಗಳು ಹಿಂದಕ್ಕೆ ಸರಿದಂತೆ ಗಂಟಲು ಗಟ್ಟಿಯಾಗುತ್ತಾ ಹೋಯಿತು. ಸೀಬೆಮರದ ಕೊಂಬೆ ಬಂತು, ಮೇಡಂ ಎರಡೂ ಕೈಯಿಂದ ಬಟ್ಟೆಯ ಮೇಲೆ ಬಾಯಿ ಒತ್ತಿಕೊಂಡರು. ಗಂಡನ ಜೊತೆ ಗುದ್ದಾಟ ಬಂತು. "ಮುಖ ಮುಚ್ಕೋ ಗುರುವಪ್ಪ, ಕಣ್ಣಿಗೆ ಸೀಗೆಪುಡಿ ಬೀಳ್ತದೆ" ಎಂದು ಮಗುವಿಗೆ ಹೇಳಿದ್ದು ಬಂತು. ಐವತ್ತು ದಾಟಿದ ಗುರುಮಲ್ಲಪ್ಪನವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಆಮೇಲೆ ಮಾತು ತೆಳುವಾಯಿತು. ಕೂಗು ಹೋಗಿ ಮಾತಾಯಿತು, ಮಾತು ಹೋಗಿ ಒಂದು ಹಾಡಿನ ಗುನುಗಾಯಿತು. ಅದೂ ನಿಂತು ಬರೀ ನೀರಿನ ಸದ್ದು ಉಳಿಯಿತು. ರಬ್ಬರ್ ಕೊಳವೆ ಮುಟ್ಟಿ ನೋಡಿದೆ, ಬಿಸಿ ಬರತೊಡಗಿತ್ತು. ಮುಗಿಯಿತು ಎಂದುಕೊಂಡು ಗುರುಮಲ್ಲಪ್ಪನವರು ನಲ್ಲಿಯ ಕಡೆ ಕೈ ಚಾಚಿದರು. ಮೇಡಂ ಆ ಕೈಯನ್ನು ತಡೆದರು.

ಯಾರೋ ಒಬ್ಬಳು ಉಸಿರು ಎಳೆದುಕೊಂಡದ್ದು ಕೇಳಿತು. ಮರದ ಹಲಗೆಯ ಮೇಲೆ ಕೈ ಆಡಿದ ಸದ್ದು, ಕಬ್ಬಿಣ ಅಲ್ಲಾಡಿದ ಸದ್ದು. ಹುಡುಗಿಯ ದನಿ, ಗಂಟಲಿನಲ್ಲೇ ಸಿಕ್ಕಿಕೊಂಡಷ್ಟು ಸಣ್ಣದು. ಇಬ್ಬರೂ ಥಟ್ಟನೆ ನನ್ನ ಕಡೆ ತಿರುಗಿದರು. ನಾನಲ್ಲ ಎಂದು ತಲೆ ಆಡಿಸಿದೆ. ಗುರುಮಲ್ಲಪ್ಪನವರು ನಲ್ಲಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನಲ್ಲಿಯನ್ನು ನೋಡಿದರು. ಆ ದನಿಯನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನ್ನ ಕೈ ತಾನಾಗಿಯೇ ಹಿಂದೆ ಹೋಗಿ ಬಾಗಿಲಿನ ಚಿಲಕ ಹುಡುಕಿತು. ಹಬೆ ಏಳುತ್ತಿತ್ತು, ನಾವು ಮೂವರೂ ತುಟಿ ಬಿಗಿಹಿಡಿದು ನಿಂತಿದ್ದೆವು.

"ಯಾರಾದ್ರೂ ಇದ್ದೀರಾ?" ಅಂದಿತು ನೀರು. "ನಾನು ದೇವೀರಿ, ಹೊಸ್ದಾಗಿ ಬಂದೋಳು. ಈ ಚಿಲ್ಕ ಬತ್ತಾ ಇಲ್ಲ. ಒಸಿ ಬಾಗ್ಲು ತೆಗೀರಿ."